ಸೈಕಲ್ ಪಥ: ಬಣ್ಣ ಬಳಿದರೆ ಸಾಕೇ?

"ಬೆಂಗಳೂರಲ್ಲಿ ಸೈಕಲ್ ಹೊಡೆಯೋರು ಎಷ್ಟು ಜನ ಇದಾರೆ, ಅವರಿಗ್ಯಾಕೆ ಬೇರೆ ದಾರಿ?" ಸೈಕಲ್ ಪಥದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯಿದು. ನಸುಕಲ್ಲಿ ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಸೆಕ್ಯುರಿಟಿ ಗಾರ್ಡ್‌ಗಳು ಈ ಲೆಕ್ಕದಲ್ಲಿ ಬರೋದೇ ಇಲ್ಲ.

2020ರಲ್ಲಿ, ಕೋವಿಡ್ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲೊಂದು ಪ್ರಯೋಗ ನಡೆಯಿತು. ನಗರ ಭೂಸಾರಿಗೆ ನಿರ್ದೇಶನಾಲಯವು ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿ.ಮೀ. ತಾತ್ಕಾಲಿಕ ಪಥ ಮಾಡಿಸಿತು. ಪಥವನ್ನು ಬೇರ್ಪಡಿಸಲು ನೆಟ್ಟಿದ್ದು ಪ್ಲಾಸ್ಟಿಕ್ ಕಂಬಗಳನ್ನು. ಅವು ಮುರಿದವು, ಬೈಕ್‌ಗಳು ನುಗ್ಗಿದವು, ಆಮೇಲೆ ಮೆಟ್ರೋ ಕಾಮಗಾರಿ ಬಂತು. ಜನ ಬಳಸಲಿಲ್ಲ ಅಂತ ಪಥವನ್ನೇ ದೂರಿದವರುಂಟು. ಅರ್ಧಕ್ಕೇ ಕಡಿದುಹೋಗುವ ದಾರಿಯಲ್ಲಿ ಮಕ್ಕಳನ್ನು ಯಾರು ಕಳಿಸ್ತಾರೆ ಹೇಳಿ?

ನೆದರ್‌ಲ್ಯಾಂಡ್ಸ್‌ನ ವಿನ್ಯಾಸಕಾರರು ಮೊದಲು ನೋಡುವುದು ವೇಗವನ್ನು. ವಾಹನಗಳು ಗಂಟೆಗೆ 30 ಕಿ.ಮೀ. ಮೀರದ ಬಡಾವಣೆ ಬೀದಿಯಲ್ಲಿ ಸೈಕಲ್, ಕಾರು ಒಟ್ಟಿಗೆ ಹೋಗಬಹುದು. ಅಲ್ಲಿ ಪಥ ಬೇಡ, ಉಬ್ಬು ಮತ್ತು ಕಿರಿದಾದ ತಿರುವುಗಳೇ ಸಾಕು. ವೇಗ ಹೆಚ್ಚಿರುವ ದೊಡ್ಡ ರಸ್ತೆಯಲ್ಲಿ ಮಾತ್ರ ಕಲ್ಲಿನ ಅಂಚೋ ಗಿಡದ ಸಾಲೋ ಇರುವ ಪ್ರತ್ಯೇಕ ಪಥ ಬೇಕು. ಬಿಳಿ ಗೆರೆ ಲಾರಿಯನ್ನು ತಡೆಯಲ್ಲ. ಪಾರ್ಕಿಂಗನ್ನಂತೂ ಕೇಳಲೇಬೇಡಿ.

ಆದರೆ ಅಸಲಿ ಪರೀಕ್ಷೆ ಜಂಕ್ಷನ್‌ನಲ್ಲಿ. ನಮ್ಮಲ್ಲಿ ಪಥ ಇದ್ದ ಕಡೆಯೂ ಅದು ಸಿಗ್ನಲ್‌ಗೆ ಮುಂಚೆಯೇ ಮಾಯವಾಗುತ್ತೆ. ನೇರ ಹೋಗುವ ಸೈಕಲ್ಲಿಗೆ ಎಡಕ್ಕೆ ತಿರುಗುವ ಬಸ್ಸು ಅಡ್ಡ ಬರುವುದು ಅಲ್ಲೇ. ಅಪಾಯ ತಗ್ಗಿಸುವ ಉಪಾಯ ಹಳೆಯದು: ಮೂಲೆಯಲ್ಲೊಂದು ಪುಟ್ಟ ಕಾಂಕ್ರೀಟ್ ದ್ವೀಪ ಕಟ್ಟಿ, ಸೈಕಲ್ ದಾಟುವ ಜಾಗವನ್ನು ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ಸರಿಸುವುದು. ಆಗ ಚಾಲಕ ನಿಧಾನವಾಗಿಯೇ ತಿರುಗಬೇಕು, ಸೈಕಲ್ ಕನ್ನಡಿಯಲ್ಲಲ್ಲ, ಕಣ್ಣೆದುರೇ ಕಾಣುತ್ತೆ.

ಡಚ್ಚರೇನು ಹುಟ್ಟಾ ಸೈಕಲ್ ಭಕ್ತರಲ್ಲ. 1950-60ರ ದಶಕಗಳಲ್ಲಿ ಅಲ್ಲೂ ಕಾರಿಗೇ ರಸ್ತೆ ಬಿಟ್ಟುಕೊಟ್ಟಿದ್ದರು. 1971ರಲ್ಲಿ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಂದೆತಾಯಂದಿರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಜೊತೆಗೂಡಿತು. ಸರ್ಕಾರ ಬಗ್ಗಿದ್ದು ಆಮೇಲೆ.

ನಿಮ್ಮ ವಾರ್ಡಿನಲ್ಲಿ ರಸ್ತೆ ಅಗೆಯುವ ಮುನ್ನ ನಕ್ಷೆ ಕೇಳಿ. ಪಥ ಎಷ್ಟು ಕಿ.ಮೀ. ಅನ್ನೋದು ಆಮೇಲಿರಲಿ, ಮೊದಲು ಜಂಕ್ಷನ್ ಹಾಳೆ ತೆಗೆಸಿ ನೋಡಿ: ಸೈಕಲ್ ಅಲ್ಲಿ ಎಲ್ಲಿಗೆ ಹೋಗುತ್ತೆ?