ಬೀಗ ಮಾಡಿದವರ ಮತ್ತೊಂದು ಪ್ರಯೋಗ

ಇಂದು ನಮ್ಮೂರಿನ ಕಿರಾಣಿ ಅಂಗಡಿಯಲ್ಲೂ ಫೋನಿನಿಂದಲೇ ಹಣ ಕೊಡುತ್ತೇವೆ. ಆ ಹಣವನ್ನು ದಾರಿಯಲ್ಲಿ ಕಾಯುವುದು ಗಣಿತದ ಬೀಗ. ಇಂಥ ಬೀಗಗಳಲ್ಲಿ ಹೆಸರಾದ ಆರ್‌ಎಸ್‌ಎಯನ್ನು 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಹುಡುಕುವುದು ಬಹಳ ಕಷ್ಟ. ನಾವು ಶಾಲೆಯಲ್ಲಿ ಮಾಡಿದ ಅಪವರ್ತನದ ಲೆಕ್ಕವೇ, ಆದರೆ ನೂರಾರು ಅಂಕಿಗಳದ್ದು.

1994ರಲ್ಲಿ ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್, ಕ್ವಾಂಟಂ ಕಂಪ್ಯೂಟರ್ ಇದ್ದರೆ ಈ ಬೀಗವನ್ನು ಬೇಗ ತೆರೆಯಬಹುದೆಂದು ಕಾಗದದ ಮೇಲೆ ತೋರಿಸಿದರು. ಅದೇ ವರ್ಷ, ಬೀಗ ಮಾಡಿದವರಲ್ಲೊಬ್ಬರಾದ ಏಡಲ್‌ಮನ್ ಡಿಎನ್‌ಎಯಿಂದಲೇ ಲೆಕ್ಕ ಮಾಡಿಸಿದರು. ಗಣಿತ ಓದುವವರಿಗೆ ಜೀವಶಾಸ್ತ್ರ ಯಾಕೆ ಎನ್ನುವವರು ಇದನ್ನು ಗಮನಿಸಬೇಕು.

ಅವರ ಲೆಕ್ಕ ಹೀಗಿತ್ತು: 7 ಊರುಗಳು, ನಡುವೆ ಏಕಮುಖ ರಸ್ತೆಗಳು. ಮೊದಲ ಊರಿನಿಂದ ಹೊರಟು, ಪ್ರತಿ ಊರಿಗೂ ಒಂದೇ ಸಲ ಹೋಗಿ, ಕೊನೆಯ ಊರು ತಲುಪುವ ದಾರಿ ಯಾವುದು? ಒಂದೊಂದು ಊರಿಗೂ ರಸ್ತೆಗೂ ಒಂದೊಂದು ಡಿಎನ್‌ಎ ಎಳೆ. ಎಲ್ಲವನ್ನೂ ಬೆರೆಸಿದಾಗ ಜೋಡಿಯಾಗಬಲ್ಲ ಎಳೆಗಳು ತಾವೇ ಕೂಡಿಕೊಂಡು ಅಸಂಖ್ಯ ದಾರಿಗಳಾದವು. ಇದು ಕ್ಷಣದ ಕೆಲಸ. ಆದರೆ ಅವುಗಳಲ್ಲಿ ಸರಿಯಾದ ದಾರಿಯನ್ನು ಸೋಸಿ ತೆಗೆಯಲು ಪ್ರಯೋಗಾಲಯದಲ್ಲಿ ಸುಮಾರು 7 ದಿನ ಹಿಡಿಯಿತು. 2002ರಲ್ಲಿ ಅವರ ತಂಡ ಹತ್ತು ಲಕ್ಷಕ್ಕೂ ಹೆಚ್ಚು ಸಾಧ್ಯತೆಗಳಿದ್ದ ಲೆಕ್ಕವನ್ನೂ ಹೀಗೆಯೇ ಬಿಡಿಸಿತು. ತೊಡಕು ಬೇರೆಡೆ ಇತ್ತು. 200 ಊರುಗಳ ಲೆಕ್ಕಕ್ಕೆ ಭೂಮಿಗಿಂತ ಹೆಚ್ಚು ತೂಕದ ಡಿಎನ್‌ಎ ಬೇಕೆಂದು ಹಾರ್ಟ್‌ಮಾನಿಸ್ 1995ರಲ್ಲೇ ಲೆಕ್ಕ ಹಾಕಿದ್ದರು!

ಕ್ವಾಂಟಂ ಕಂಪ್ಯೂಟರಿನ ಆರಂಭವೂ ಸಣ್ಣದೇ. 2001ರಲ್ಲಿ ಐಬಿಎಂ ತಂಡ 7 ಕ್ಯೂಬಿಟ್‌ಗಳಿಂದ ಕಂಡುಹಿಡಿದದ್ದು 15ರ ಅಪವರ್ತನಗಳನ್ನು, ಅಂದರೆ 3 ಮತ್ತು 5. ಮಗ್ಗಿ ಬಲ್ಲ ಮಗುವೂ ಹೇಳುತ್ತದೆ. 2019ರ ಹೊತ್ತಿಗೆ ಗೂಗಲ್‌ನ ಯಂತ್ರದಲ್ಲಿ 53 ಕ್ಯೂಬಿಟ್‌ಗಳಿದ್ದವು. ಸ್ವಲ್ಪ ಅಲುಗಾಡಿದರೂ ಕ್ಯೂಬಿಟ್ ತಪ್ಪುತ್ತದೆ. ಆ ತಪ್ಪು ತಿದ್ದುವುದೇ ಈಗಿನ ದೊಡ್ಡ ಕೆಲಸ. 2023ರಲ್ಲಿ ಭಾರತ ಸರ್ಕಾರ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ನನ್ನ ಅಂದಾಜಿನಲ್ಲಿ ಲೆಕ್ಕದ ಪಂದ್ಯದಲ್ಲಿ ಕ್ವಾಂಟಂ ಮುಂದಿದೆ. ಡಿಎನ್‌ಎಗೆ ಒಪ್ಪುವ ಕೆಲಸ ಕಣಜದ್ದು: 2012ರಲ್ಲೇ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ ಇಡೀ ಪುಸ್ತಕವೊಂದನ್ನು ಅದರಲ್ಲಿ ತುಂಬಿಟ್ಟಿತು. ಬೀಗದ ಚಿಂತೆ ಮಾತ್ರ ಈಗಿನದೇ. ಇಂದು ಕದ್ದಿಟ್ಟ ಕಡತವನ್ನು ದೊಡ್ಡ ಯಂತ್ರ ಬಂದ ದಿನ ತೆರೆಯಬಹುದಲ್ಲ! ಅದಕ್ಕೇ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಂಗೂ ಜಗ್ಗದ ಹೊಸ ಬೀಗಗಳನ್ನು ಪ್ರಕಟಿಸಿತು. ಹಳೆಯದನ್ನು ಕಳಚಿ ಇವನ್ನು ಕೂರಿಸುವ ಕೆಲಸ ನಡೆಯುತ್ತಿದೆ.