ಹೊನ್ನು ತೊಳೆದ ಕಾವೇರಿ

ಪಾಂಡವಪುರ ತಾಲೂಕಿನ ತೊಣ್ಣೂರು ಎಂದೊಡನೆ ನಮಗೆ ಮೊದಲು ನೆನಪಾಗುವುದು ನೀರು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ದೊಡ್ಡ ಕೆರೆಯ ತಿಳಿನೀರನ್ನು ಕಂಡು, 1746ರಲ್ಲಿ ಇತ್ತ ಬಂದಿದ್ದ ಹೈದರಾಬಾದಿನ ನಾಸಿರ್ ಜಂಗ್ ಅದನ್ನು 'ಮೋತಿ ತಲಾಬ್' ಎಂದು ಕರೆದನೆನ್ನುತ್ತಾರೆ. ಮುತ್ತಿನ ಕೆರೆ ಎಂಬ ಆ ಹೆಸರು ಇಂದಿಗೂ ಉಳಿದಿದೆ. ಕೆರೆಯ ಆಸುಪಾಸಿನಲ್ಲಿ ರಾಮಾನುಜಾಚಾರ್ಯರ ನೆನಪುಗಳಿವೆ, ಹೊಯ್ಸಳರ ಕಾಲದ ದೇವಾಲಯಗಳಿವೆ, ಸಯ್ಯದ್ ಸಾಲಾರ್ ಮಸೂದರ ಹೆಸರಿನ ಹಳೆಯ ದರ್ಗಾ ಇದೆ. ಇಂತಹ ಊರಿನಲ್ಲಿ ನಿಂತು ಚಿನ್ನದ ಮಾತೆತ್ತಿದರೆ ಓದುಗರಿಗೆ ವಿಚಿತ್ರವೆನಿಸಬಹುದು. ಚಿನ್ನವೆಂದರೆ ಕೋಲಾರ, ಚಿನ್ನವೆಂದರೆ ಹಟ್ಟಿ. ಮಂಡ್ಯದ ಸೀಮೆಗೂ ಅದಕ್ಕೂ ಏನು ಸಂಬಂಧ?

ಸಂಬಂಧವಿದೆ. ಕೋಲಾರದ ಕಲ್ಲನ್ನು ಪುಡಿ ಮಾಡಿದ್ದು ಈ ಸೀಮೆಯ ನೀರಿನ ಬಲ. ಚಿನ್ನ ತೆಗೆಯುವುದೆಂದರೆ ನೆಲ ಅಗೆಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅಗೆಯುವುದು ಅರ್ಧ ಕೆಲಸ ಮಾತ್ರ. ಅಗೆದ ಕಲ್ಲನ್ನು ಕುಟ್ಟಿ, ತೊಳೆದು, ಕಣ್ಣಿಗೆ ಕಾಣದ ಕಣಗಳನ್ನು ಬೇರ್ಪಡಿಸುವುದೇ ಉಳಿದ ಅರ್ಧ. ಆ ಅರ್ಧದ ಚರಿತ್ರೆ ನಮ್ಮ ಪುಸ್ತಕಗಳಲ್ಲಿ ಅಷ್ಟಾಗಿ ಕಾಣಸಿಗುವುದಿಲ್ಲ.

ಮರಿಗೆಯಿಂದ ಆರಂಭ

ಚಿನ್ನವನ್ನು ಬೇರ್ಪಡಿಸುವ ಎಲ್ಲ ಹಳೆಯ ವಿಧಾನಗಳ ಹಿಂದೆ ಇರುವುದು ಒಂದೇ ಗುಟ್ಟು: ಅದರ ತೂಕ. ಅದೇ ಗಾತ್ರದ ಬಿಳಿಗಲ್ಲಿಗಿಂತ ಚಿನ್ನ ಸುಮಾರು ಏಳು ಪಟ್ಟು ಭಾರ. ನೀರಿನಲ್ಲಿ ಅಲುಗಾಡಿಸಿದರೆ ಮಣ್ಣು ತೇಲಿ ಹೋಗುತ್ತದೆ, ಮರಳು ಸರಿಯುತ್ತದೆ, ಕೊನೆಗೆ ತಳದಲ್ಲಿ ಕಬ್ಬಿಣದ ಕಪ್ಪು ಮರಳಿನ ಜೊತೆ ಚಿನ್ನದ ಚುಕ್ಕೆಗಳು ಉಳಿಯುತ್ತವೆ. ಗದಗ ಸೀಮೆಯ ಕಪ್ಪತಗುಡ್ಡದ ಸುತ್ತ, ಸೊರಟೂರಿನ ಹಳ್ಳಗಳಲ್ಲಿ ಈ ಕೆಲಸ ಮಾಡುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. ಮಳೆ ಬಂದು ಹಳ್ಳ ಹರಿದ ಮೇಲೆ ಅವರ ಸುಗ್ಗಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಜಲಗಾರರ ಬಗ್ಗೆ ವಿವರವಾಗಿ ಬರೆದಿದ್ದಾನೆ.

ಇದೇ ವಿದ್ಯೆ ಪೇಟೆಗಳಲ್ಲೂ ಇತ್ತು. ಅಕ್ಕಸಾಲಿಗರ ಅಂಗಡಿಯ ಬೂದಿ ಮತ್ತು ಕಸವನ್ನು ಕೊಂಡು, ತೊಳೆದು, ಅದರಲ್ಲಿ ಬಿದ್ದ ಚಿನ್ನ ಬೆಳ್ಳಿಯ ಚೂರು ಹೆಕ್ಕಿ ಬದುಕುವವರಿದ್ದರು. ಬೊಂಬಾಯಿ ಪ್ರಾಂತ್ಯದ ಹಳೆಯ ಗೆಜೆಟಿಯರುಗಳು ಅವರನ್ನು ಝಾರಾ, ಧೂಳಧೋಯಾ ಎಂಬ ಹೆಸರುಗಳಿಂದ ಗುರುತಿಸಿವೆ. ಅವರಲ್ಲಿ ಮುಸ್ಲಿಮರೂ ಇದ್ದರು. ಅಂಗಡಿಯ ಧೂಳೂ ಅವರ ಪಾಲಿಗೆ ಅನ್ನವಾಗಿತ್ತು.

ಹಳ್ಳದ ಮರಳಿನಲ್ಲಿ ಸಿಗುವುದು ಪ್ರಕೃತಿಯೇ ಪುಡಿ ಮಾಡಿಕೊಟ್ಟ ಚಿನ್ನ. ಬಂಡೆಯೊಳಗಿನ ಚಿನ್ನ ಹಾಗಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು 640 ಅಡಿ ಆಳದವರೆಗೆ ಇಳಿದಿದ್ದರೆಂಬುದು ಇಂದಿನ ಎಂಜಿನಿಯರುಗಳನ್ನೂ ಬೆರಗುಗೊಳಿಸುವ ಸಂಗತಿ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಸೀಳುವುದು, ಸೀಳಿದ ಚೂರನ್ನು ಹೊರಗೆ ತಂದು ಬಂಡೆಯ ಗುಳಿಗಳಲ್ಲಿ ಗುಂಡುಕಲ್ಲಿನಿಂದ ಅರೆಯುವುದು ಅವರ ಕ್ರಮವಾಗಿತ್ತು. ಅಂತಹ ಅರೆಯುವ ಗುಳಿಗಳು ಆ ಪ್ರದೇಶದಲ್ಲಿ ಕಾಣಸಿಕ್ಕಿವೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದವನೂ ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಅರಸಿ ಹೋದವನಿಗೆ ಚರಿತ್ರೆ ಸಿಕ್ಕಿತು.

ಟಿಪ್ಪುವಿನ ಲೆಕ್ಕ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಮಾಡಿದ ಮೊದಲ ಕೆಲಸಗಳಲ್ಲೊಂದು ಮೈಸೂರಿನ ನೆಲವನ್ನು ಅಳೆಯುವುದು. ಆ ಅಳತೆಯ ಕೆಲಸದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಪೂರ್ವದ ಗಡಿಯಲ್ಲಿ ಚಿನ್ನದ ಕಥೆಗಳನ್ನು ಕೇಳಿ, ಉರಿಗಾಂ ಮತ್ತು ಮಾರಿಕುಪ್ಪಂ ಹಳ್ಳಿಗಳಿಗೆ ಹೋದ. ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಕೆಲವು ಕಡೆ ದಲಿತ ಕುಟುಂಬಗಳು 30-45 ಅಡಿ ಆಳದ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದವು. ಗಂಡಸರು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರೆ, ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದರು. ಕುಟ್ಟುವ ಮತ್ತು ತೊಳೆಯುವ, ಅಂದರೆ ಚಿನ್ನವನ್ನು ಚಿನ್ನವಾಗಿಸುವ ಕೆಲಸ ಹೆಂಗಸರದಾಗಿತ್ತು ಎಂಬುದನ್ನು ನಾವು ಗಮನಿಸಬೇಕು.

ವಾರನ್ ತನ್ನ ವರದಿಯಲ್ಲಿ ತಾನು ಕೇಳಿದ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಕೆಲವು ವರ್ಷಗಳ ಹಿಂದೆ ಟಿಪ್ಪು ಸುಲ್ತಾನ್ ಮಾರಿಕುಪ್ಪಂಗೆ ಒಬ್ಬ ಬ್ರಾಹ್ಮಣ ಅಧಿಕಾರಿಯನ್ನು ಕಳುಹಿಸಿ ಪರೀಕ್ಷೆ ಮಾಡಿಸಿದ್ದ. ಬಂದ ಚಿನ್ನದ ಬೆಲೆ ಮತ್ತು ತಗಲಿದ ಖರ್ಚು ಸರಿಸಮವಾಗಿದ್ದುದರಿಂದ ಕೆಲಸ ನಿಲ್ಲಿಸಲು ಆಜ್ಞೆಯಾಯಿತಂತೆ. ಇದು ಜನರ ಬಾಯಿಂದ ಬಂದ ಮಾತು, ಆದ್ದರಿಂದ ಅದಕ್ಕೆ ಅತಿ ಭಾರ ಹೊರಿಸುವುದು ಬೇಡ. ಆದರೂ ಅದರೊಳಗೆ ಒಂದು ಪ್ರಶ್ನೆ ಇದೆ: ಚಿನ್ನದ ಖರ್ಚಿನ ಪಟ್ಟಿಯಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು? ಮುಂದೆ ಬಂದ ಕಂಪೆನಿಗಳು ಬಿಟ್ಟದ್ದೇ ಹೆಚ್ಚು.

ಪಾದರಸ ಮತ್ತು ಸೈನೈಡ್

ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಮಾಜಿ ಸೈನಿಕ ವಾರನ್ನನ ಬರಹ ಓದಿ 1871ರಲ್ಲಿ ಎತ್ತಿನಗಾಡಿ ಏರಿ ಕೋಲಾರಕ್ಕೆ ಹೊರಟ. ಮೈಸೂರು ಸರಕಾರದಿಂದ ಪರವಾನಗಿಯನ್ನೂ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕಾಲಿಟ್ಟ ಮೇಲೆ ಗುಂಡುಕಲ್ಲಿನ ಜಾಗಕ್ಕೆ ಯಂತ್ರ ಬಂತು.

ಅದರ ಹೆಸರು ಸ್ಟಾಂಪ್ ಮಿಲ್. ನಮ್ಮ ಅಜ್ಜಿಯರು ಒನಕೆಯಿಂದ ಭತ್ತ ಕುಟ್ಟುತ್ತಿದ್ದರಲ್ಲ, ಅದೇ ತತ್ವ. ಸಾಲಾಗಿ ನಿಲ್ಲಿಸಿದ ಕಬ್ಬಿಣದ ಭಾರವಾದ ಒನಕೆಗಳನ್ನು ತಿರುಗುವ ದಂಡವೊಂದು ಎತ್ತಿ ಎತ್ತಿ ಬಿಡುತ್ತದೆ. ಕೆಳಗಿನ ಕಲ್ಲು ನೀರಿನ ಜೊತೆ ಹಿಟ್ಟಾಗಿ ಜರಡಿಯಿಂದ ಹೊರಬಂದು, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ಚಿನ್ನವನ್ನು ಕಂಡರೆ ಪಾದರಸ ಬಿಡುವುದಿಲ್ಲ, ಅಪ್ಪಿಕೊಳ್ಳುತ್ತದೆ. ಆ ಮುದ್ದೆಯನ್ನು ಕೆರೆದು ತೆಗೆದು, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆವಿಯನ್ನು ತಣಿಸಿ ಪಾದರಸವನ್ನು ಮತ್ತೆ ಬಳಸುತ್ತಾರೆ.

ಆದರೆ ತೀರಾ ಸಣ್ಣ ಕಣಗಳು ಪಾದರಸದ ಕೈಗೂ ಸಿಗದೆ ಮರಳಿನ ಜೊತೆ ಹೋಗಿಬಿಡುತ್ತಿದ್ದವು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಕಂಡುಕೊಂಡ ಸೈನೈಡ್ ವಿಧಾನ ಇದಕ್ಕೆ ಪರಿಹಾರವಾಯಿತು. ಸುಣ್ಣ ಬೆರೆಸಿದ ತೆಳುವಾದ ಸೈನೈಡ್ ನೀರಿನಲ್ಲಿ, ಗಾಳಿಯ ನೆರವಿನಿಂದ, ಸಕ್ಕರೆ ಕರಗುವಂತೆ ಚಿನ್ನ ನಿಧಾನವಾಗಿ ಕರಗುತ್ತದೆ. ಆ ನೀರನ್ನು ಸತುವಿನ ಮೇಲೆ ಹರಿಸಿದರೆ ಚಿನ್ನ ಮತ್ತೆ ಪುಡಿಯಾಗಿ ಇಳಿಯುತ್ತದೆ. ಇಂದು ಗಣಿಗಳಲ್ಲಿ ಸತುವಿನ ಬದಲು ಹೆಚ್ಚಾಗಿ ಇದ್ದಿಲು ಬಳಸುತ್ತಾರೆ, ಸ್ಟಾಂಪ್ ಮಿಲ್ಲಿನ ಜಾಗದಲ್ಲಿ ಉಕ್ಕಿನ ಗುಂಡುಗಳು ಉರುಳುವ ಬಾಲ್ ಮಿಲ್ ತಿರುಗುತ್ತದೆ. ಸೈನೈಡ್ ಮಾತ್ರ ಹಾಗೆಯೇ ಉಳಿದಿದೆ.

ಕಾವೇರಿ ಕೋಲಾರಕ್ಕೆ ಹೋದದ್ದು

ಈ ಯಂತ್ರಗಳನ್ನು ಓಡಿಸಲು ಬಲ ಬೇಕಿತ್ತು. ಉಗಿಯಂತ್ರಕ್ಕೆ ಸೌದೆ ಕಲ್ಲಿದ್ದಲು ತರಿಸಿ ಕಂಪೆನಿಗಳಿಗೆ ಸಾಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲೋಬಿನಿಯೇರ್ ಅವರ ಯೋಜನೆಯಂತೆ ಶಿವನಸಮುದ್ರದಲ್ಲಿ ವಿದ್ಯುದಾಗಾರ ಎದ್ದಿತು. 1902ರ ಜೂನ್‌ನಲ್ಲಿ 92 ಮೈಲಿ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಅಂದು ಜಗತ್ತಿನಲ್ಲೇ ಅಪರೂಪದ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಕಾವೇರಿಯ ವಿದ್ಯುತ್ ಮೊದಲು ಕುಟ್ಟಿದ್ದು ಕಲ್ಲನ್ನು, ಬೆಳಗಿದ್ದು ಆ ನಂತರ. ಅದೇ 1905ರಲ್ಲಿ ಕೋಲಾರದ ಉತ್ಪಾದನೆ ವರ್ಷಕ್ಕೆ 19 ಟನ್ ದಾಟಿ ಶಿಖರ ಮುಟ್ಟಿತು. ಮೈಸೂರು ಸಂಸ್ಥಾನಕ್ಕೆ ಸಿಗುತ್ತಿದ್ದ ರಾಯಧನ ಮಾತ್ರ ನೂರಕ್ಕೆ ಐದು.

ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಯ ಯಂತ್ರವೂ ಸೊರಗುತ್ತಿತ್ತು. ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡಬೇಕಾದ ಈ ಅಗತ್ಯವೂ 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ನೀರಾವರಿಯ ಉದ್ದೇಶವೂ ಇತ್ತು, ಆದರೆ ಮೊದಲ ಹಂತದ ಲೆಕ್ಕದಲ್ಲಿ ವಿದ್ಯುತ್ತಿನ ಪಾಲು ದೊಡ್ಡದು. ವಿಶ್ವೇಶ್ವರಯ್ಯನವರು ಕೆಲಸಕ್ಕಿಳಿದಾಗ ಆ ಜಾಗದಲ್ಲಿ ಟಿಪ್ಪುವಿನ ಕಾಲದ, 1794ರ ಪರ್ಷಿಯನ್ ಶಾಸನವೊಂದು ಸಿಕ್ಕಿತು. ಇಂದು ಅದನ್ನು ಅಣೆಕಟ್ಟೆಯ ಪ್ರವೇಶದ್ವಾರದಲ್ಲಿ ಕಾಣಬಹುದು. ಕಾವೇರಿಗೆ ಕಟ್ಟೆ ಕಟ್ಟುವ ಸಂಕಲ್ಪವನ್ನು ಹೇಳುವ ಆ ಶಾಸನ, ಅದರ ನೀರಿನಿಂದ ಹೊಸದಾಗಿ ಬೇಸಾಯ ಮಾಡುವ ರೈತರಿಗೆ ಕಂದಾಯದಲ್ಲಿ ಕಾಲುಭಾಗದ ವಿನಾಯಿತಿಯನ್ನೂ ಘೋಷಿಸುತ್ತದೆ.

ಕಟ್ಟೆಯ ಕೀರ್ತಿ ಯಾರಿಗೆ ಸೇರಬೇಕೆಂದು ನಮ್ಮಲ್ಲಿ ಆಗಾಗ ಜಗಳ ನಡೆಯುತ್ತದೆ. ಶಾಸನ ಸಂಕಲ್ಪದ್ದು, ಕಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ. ಎರಡನ್ನೂ ಒಪ್ಪಿಕೊಳ್ಳಲು ಯಾರಿಗೂ ನಷ್ಟವಿಲ್ಲ. ಜಗಳದಲ್ಲಿ ಮರೆತುಹೋಗುವವರು ಬೇರೆಯೇ ಇದ್ದಾರೆ. ಕನ್ನಂಬಾಡಿ ಮತ್ತು ಸುತ್ತಲ ಊರುಗಳು ಮುಳುಗಿದವು, ಜನ ಮನೆ ಹೊಲ ಬಿಟ್ಟು ಎದ್ದರು. ಮುಳುಗಿದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹುಕಾಲದ ಮೇಲೆ ಪಾಂಡವಪುರ ತಾಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಯಿತು. ಮುಳುಗಿದ ಮನೆಗಳನ್ನು ಯಾರೂ ಕಲ್ಲು ಕಲ್ಲಾಗಿ ಎತ್ತಿ ತರಲಿಲ್ಲ. ಆದರೆ ನಾಲೆಗಳು ಬಂದವು, ಮಂಡ್ಯದಲ್ಲಿ ಕಬ್ಬು ಬಂತು, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಚಿನ್ನದ ನೆಪವೂ ಇದ್ದ ಕಟ್ಟೆ ಅನ್ನದ ಕಟ್ಟೆಯಾಯಿತು.

ಉಳಿದ ಧೂಳು

ಕೋಲಾರದ ಕಥೆ ಹಾಗಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. 120 ವರ್ಷಗಳಲ್ಲಿ ಸುಮಾರು 5.1 ಕೋಟಿ ಟನ್ ಅದಿರಿನಿಂದ 800 ಟನ್‌ನಷ್ಟು ಚಿನ್ನ ತೆಗೆಯಲಾಯಿತು ಎಂಬುದು ಅಂದಾಜು. ಇದನ್ನು ಮದುವೆಮನೆಯ ಲೆಕ್ಕಕ್ಕೆ ಇಳಿಸಿದರೆ, ಒಂದು ಪವನು ಚಿನ್ನಕ್ಕೆ ಅರ್ಧ ಟನ್ ಬಂಡೆ. ವಧುವಿನ ಕೊರಳಲ್ಲಿ ಎಷ್ಟು ಪವನು ಎಂದು ಎಣಿಸುವ ನಾವು ಎಷ್ಟು ಟನ್ ಎಂದು ಎಣಿಸಿದವರಲ್ಲ.

ಆ ಬಂಡೆಯ ಹಿಟ್ಟು ಎಲ್ಲಿಗೂ ಹೋಗಿಲ್ಲ. ಕೆಜಿಎಫ್‌ನ ಜನ 'ಸೈನೈಡ್ ಗುಡ್ಡ' ಎಂದು ಕರೆಯುವ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಬಿದ್ದುಕೊಂಡಿದೆ. ಗಾಳಿಯ ತಿಂಗಳುಗಳಲ್ಲಿ ಅದು ಎದ್ದು ಮನೆಗಳ ಮೇಲೆ, ಬಾವಿಗಳ ಮೇಲೆ, ಮಕ್ಕಳ ಅನ್ನದ ತಟ್ಟೆಯ ಮೇಲೆ ಇಳಿಯುತ್ತದೆ. ಬಂಡೆಯ ಧೂಳು ಕುಡಿದ ಕಾರ್ಮಿಕರ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ರೋಗವನ್ನು 1940ರ ದಶಕದಲ್ಲೇ ವೈದ್ಯರು ಅಲ್ಲಿ ಗುರುತಿಸಿದ್ದರು. ಆ ಕಾರ್ಮಿಕರಲ್ಲಿ ಹೆಚ್ಚಿನವರು ತಮಿಳುನಾಡಿನ ಉತ್ತರ ಆರ್ಕಾಟ್ ಸೀಮೆಯಿಂದ ಬಂದ ದಲಿತರು.

ಈಗ ಆ ದಿಬ್ಬಗಳಿಗೂ ಬೆಲೆ ಬಂದಿದೆ. ಅವುಗಳಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ ಉಳಿದಿದೆ. ಅಂದರೆ ಒಂದು ಪವನಿಗೆ ಎಂಟು ಟನ್‌ಗೂ ಮಿಕ್ಕಿದ ಪುಡಿಯನ್ನು ಮತ್ತೆ ಸೈನೈಡಿನಲ್ಲಿ ನೆನೆಸಬೇಕು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಪುಡಿಯಿಂದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ಒಪ್ಪಿಗೆ ನೀಡಿತು.

ನಾವು ಇದನ್ನು ವಿರೋಧಿಸುವುದಿಲ್ಲ. ಸರಿಯಾಗಿ ಮಾಡಿದರೆ ಊರಿಗೆ ಕೆಲಸ ಸಿಗಬಹುದು, ಧೂಳಿನ ದಿಬ್ಬಗಳೂ ಕರಗಬಹುದು. ಆದರೆ ಪುಡಿ ತೊಳೆಯಲು ನೀರು ಎಲ್ಲಿಂದ ಬರುತ್ತದೆ? ಬರಪೀಡಿತ ಕೋಲಾರದ ಬಾಯಿಂದ ಕಸಿದ ನೀರೋ? ತೊಳೆದ ಮೇಲೆ ಉಳಿಯುವ ಹೊಸ ಪುಡಿಯನ್ನು ಎಲ್ಲಿ ಸುರಿಯುತ್ತಾರೆ, ಅದು ಗಾಳಿಗೆ ಏಳದಂತೆ ಯಾರು ಕಾಯುತ್ತಾರೆ? ಬರುವ ಆದಾಯದಲ್ಲಿ ದಿಬ್ಬದ ಬುಡದಲ್ಲಿ ಬದುಕಿದವರ ಪಾಲೆಷ್ಟು? ಕೆಲಸ ಆರಂಭವಾಗುವ ಮೊದಲೇ ಈ ಲೆಕ್ಕ ಜನರ ಮುಂದೆ ಬರಬೇಕು.

ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿ ತೂಕಕ್ಕೂ ಲೆಕ್ಕವಿದೆ. ತೂಕ ಅಳತೆಯಲ್ಲಿ ಮೋಸ ಮಾಡಬಾರದೆಂದು ಎಲ್ಲ ಧರ್ಮಗಳೂ ಹೇಳಿವೆ. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಚಿನ್ನವನ್ನಿಟ್ಟಾಗ ಇನ್ನೊಂದರಲ್ಲಿ ನೀರು, ನೆಲ ಮತ್ತು ಮನುಷ್ಯರ ಉಸಿರನ್ನೂ ಇಡಲೇಬೇಕು.