ನಕ್ಷತ್ರಗಳ ದೂರವನ್ನು ಅಳೆದವರು

ರಾತ್ರಿಯ ಕತ್ತಲಲ್ಲಿ ಹೊಲದಾಚೆ ಕಾಣುವ ಮಿಣುಕು ಬೆಳಕು ಹತ್ತಿರದ ಹಣತೆಯೋ ದೂರದ ಪೆಟ್ರೋಮ್ಯಾಕ್ಸೋ ಎಂಬುದನ್ನು ಬರಿಗಣ್ಣು ನಿರ್ಧರಿಸಲಾರದು. ದೀಪದ ನಿಜವಾದ ಪ್ರಖರತೆ ತಿಳಿದಿದ್ದರೆ ಮಾತ್ರ ಅದರ ದೂರವನ್ನು ಲೆಕ್ಕ ಹಾಕಬಹುದು. ಭೂಮಿಗೆ ಸಮೀಪದ ಕೆಲವು ನಕ್ಷತ್ರಗಳನ್ನು ಬಿಟ್ಟರೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಖಗೋಳಶಾಸ್ತ್ರಜ್ಞರ ಪಾಡೂ ಇದೇ ಆಗಿತ್ತು.

ಈ ತೊಡಕನ್ನು ಬಿಡಿಸಿದವರು ದೊಡ್ಡ ಪದವಿಯಲ್ಲಿದ್ದವರಲ್ಲ. ಅಮೆರಿಕದ ಹಾರ್ವರ್ಡ್ ಕಾಲೇಜಿನ ವೀಕ್ಷಣಾಲಯದಲ್ಲಿ ಗಾಜಿನ ಛಾಯಾಫಲಕಗಳನ್ನು ಪರೀಕ್ಷಿಸಿ ನಕ್ಷತ್ರಗಳ ಕಾಂತಿಯನ್ನು ಗುರುತಿಸಲು ಮಹಿಳೆಯರನ್ನು ನೇಮಿಸಿಕೊಳ್ಳಲಾಗಿತ್ತು. ಅವರಲ್ಲೊಬ್ಬರು ಹೆನ್ರಿಯೆಟಾ ಲೀವಿಟ್. ಕಿವಿ ಕೇಳಿಸದಿದ್ದ ಆಕೆಗೆ ದೊರೆಯುತ್ತಿದ್ದ ವೇತನ ಗಂಟೆಗೆ 30 ಸೆಂಟ್. ದೂರದರ್ಶಕದ ಮೂಲಕ ನೋಡುವ ಅವಕಾಶ ಆ ಮಹಿಳೆಯರ ಪಾಲಿಗೆ ಇರಲಿಲ್ಲವೆಂದೇ ಹೇಳಬೇಕು. ಮೆಗಲಾನಿಕ್ ಮೋಡಗಳಲ್ಲಿ ಕಾಂತಿ ಏರಿಳಿಯುವ 1,777 ನಕ್ಷತ್ರಗಳನ್ನು ಪತ್ತೆಹಚ್ಚಿ ಲೀವಿಟ್ 1908ರಲ್ಲಿ ಪಟ್ಟಿಮಾಡಿದರು. ಅವುಗಳಲ್ಲಿ ಸೆಫೀಡ್ ಎಂಬ ಜಾತಿಯವು ನಿಯತಕಾಲಕ್ಕೆ ಸರಿಯಾಗಿ ಮಿಡಿಯುತ್ತವೆ. ಕಿರಿಯ ಮೋಡದ 25 ನಕ್ಷತ್ರಗಳನ್ನು ಹೋಲಿಸಿ ನೋಡಿದಾಗ, ಮಿಡಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರ ಹೆಚ್ಚು ಪ್ರಖರವಾಗಿರುವುದು ಸ್ಪಷ್ಟವಾಯಿತು. ಒಂದೇ ಮೋಡದಲ್ಲಿರುವುದರಿಂದ ಅವೆಲ್ಲವೂ ನಮ್ಮಿಂದ ಸರಿಸುಮಾರು ಒಂದೇ ದೂರದಲ್ಲಿವೆ. ಆದುದರಿಂದ ಕಾಣುವ ಅಂತರ ನಿಜವಾದ ಅಂತರವೇ ಆಗಿರಬೇಕು. ಈ ಒಂದು ತರ್ಕದಿಂದ ವಿಶ್ವಕ್ಕೆ ಅಳತೆಗೋಲು ದೊರೆಯಿತು. 1912ರಲ್ಲಿ ಹೊರಟ ಆ ವರದಿಗೆ ಸಹಿ ಹಾಕಿದವರು ನಿರ್ದೇಶಕ ಎಡ್ವರ್ಡ್ ಪಿಕರಿಂಗ್. ಆದರೆ ಬರಹವನ್ನು ಸಿದ್ಧಪಡಿಸಿದವರು ಕುಮಾರಿ ಲೀವಿಟ್ ಎಂದು ಅವರು ಮೊದಲ ವಾಕ್ಯದಲ್ಲಿಯೇ ನಮೂದಿಸಿದರು. ಅಷ್ಟು ನ್ಯಾಯವನ್ನಾದರೂ ಮಾಡಿದರೆನ್ನಬೇಕು.

ಆ ಅಳತೆಗೋಲನ್ನು ಕೈಗೆತ್ತಿಕೊಂಡ ಹಾರ್ಲೊ ಶೇಪ್ಲಿ ನಮ್ಮ ಆಕಾಶಗಂಗೆ ಹಿಂದೆ ಎಣಿಸಿದ್ದಕ್ಕಿಂತ ಬಹಳ ವಿಶಾಲವೆಂದು ತೋರಿಸಿದರು. ಆದರೆ ಸುರುಳಿ ನೀಹಾರಿಕೆಗಳು ಅದಕ್ಕೆ ಹೊರತಾದ ಬೇರೆ ನಕ್ಷತ್ರಲೋಕಗಳೆಂಬುದನ್ನು ಅವರು ಒಪ್ಪಲಿಲ್ಲ. 1920ರ ಏಪ್ರಿಲ್ 26ರಂದು ವಾಷಿಂಗ್ಟನ್ನಿನಲ್ಲಿ ಹೀಬರ್ ಕರ್ಟಿಸ್ ಅವರೊಡನೆ ನಡೆದ ಚರ್ಚೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಶೇಪ್ಲಿಯವರ ಆಧಾರಗಳಲ್ಲಿ ಮುಖ್ಯವಾದದ್ದು ಅವರ ಮಿತ್ರ ಆಡ್ರಿಯನ್ ಫಾನ್ ಮಾನೆನ್ ಮಾಡಿದ ಅಳತೆ. ಈ ನೀಹಾರಿಕೆಗಳು ಕೆಲವೇ ವರ್ಷಗಳಲ್ಲಿ ಕಣ್ಣಿಗೆ ಕಾಣುವಷ್ಟು ತಿರುಗಿವೆ ಎಂದು ಫಾನ್ ಮಾನೆನ್ ಹೇಳಿದ್ದರು. ಅದು ನಿಜವಾಗಿದ್ದರೆ ಅವು ಹತ್ತಿರದಲ್ಲಿಯೇ ಇರಬೇಕಾಗಿತ್ತು.

1923ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕದಿಂದ ಎಡ್ವಿನ್ ಹಬಲ್ ದೇವಯಾನಿ ನೀಹಾರಿಕೆಯ ಚಿತ್ರ ತೆಗೆದರು. ಅದರಲ್ಲಿ ಒಂದು ಚುಕ್ಕೆಯನ್ನು ಮೊದಲು ನವತಾರೆಯೆಂದು ಗುರುತಿಸಿ, ಆಮೇಲೆ ಆ ಗುರುತನ್ನು ಹೊಡೆದುಹಾಕಿ, ಅದು ಕಾಂತಿ ಬದಲಿಸುವ ನಕ್ಷತ್ರವೆಂದು ಗಾಜಿನ ಮೇಲೆಯೇ ಬರೆದರು. ಅದು 31 ದಿನಗಳಿಗೊಮ್ಮೆ ಮಿಡಿಯುವ ಸೆಫೀಡ್. ಲೀವಿಟ್ ಕಂಡ ಸಂಬಂಧದಿಂದ ಲೆಕ್ಕ ಹಾಕಿದಾಗ ದೂರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷಗಳೆಂದು ಬಂತು. ಇದು ಆಕಾಶಗಂಗೆಯ ಎಲ್ಲೆಯಾಚೆಗಿನ ಮಾತು. 1924ರ ಫೆಬ್ರವರಿಯಲ್ಲಿ ಹಬಲ್ ಈ ಸುದ್ದಿಯನ್ನು ಶೇಪ್ಲಿಯವರಿಗೆ ಪತ್ರದ ಮೂಲಕ ತಿಳಿಸಿದರು. ತಾವು ಕಟ್ಟಿದ ವಿಶ್ವಚಿತ್ರ ಆ ಪತ್ರದಿಂದ ಕುಸಿಯಿತೆಂದು ಶೇಪ್ಲಿ ಒಪ್ಪಿಕೊಂಡರು. ಫಾನ್ ಮಾನೆನ್ ಅವರ ಅಳತೆಯನ್ನು ತಾವು ನಂಬಿದ್ದಕ್ಕೆ ಸ್ನೇಹವೂ ಕಾರಣವಾಗಿತ್ತೆಂದು ಇಳಿವಯಸ್ಸಿನಲ್ಲಿ ಮರೆಮಾಚದೆ ಬರೆದರು. ಸ್ವತಃ ಫಾನ್ ಮಾನೆನ್ ತಮ್ಮ ಅಳತೆಗಳನ್ನು ಸಂದೇಹದಿಂದ ನೋಡಬೇಕೆಂದು ಹೇಳಿದ್ದು 1935ರಲ್ಲಿ, ಅದೂ ಅರೆಮನಸ್ಸಿನಿಂದ. ಆತ ವಂಚಕನಲ್ಲ, ಸೂಕ್ಷ್ಮ ಅಳತೆಯಲ್ಲಿ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಂಡಿತ್ತು.

ಲೀವಿಟ್ ಇದಾವುದನ್ನೂ ನೋಡಲಿಲ್ಲ. 1921ರ ಡಿಸೆಂಬರ್ 12ರಂದು, ತಮ್ಮ 53ನೆಯ ವಯಸ್ಸಿನಲ್ಲಿ ಅವರು ಕಾಲವಾಗಿದ್ದರು. ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಅವರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಬೇಕೆಂದು ಪತ್ರ ಬರೆದದ್ದು 1925ರಲ್ಲಿ. ಗತಿಸಿದವರ ಹೆಸರನ್ನು ಸೂಚಿಸುವಂತಿರಲಿಲ್ಲ.

ಹಬಲ್ ಅವರ ಅಂಕಿಯೂ ಸರಿಯಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆಯಾದ ಕಾರಣ ಯುದ್ಧಕಾರ್ಯದಿಂದ ಹೊರಗುಳಿದಿದ್ದ ವಾಲ್ಟರ್ ಬಾಡೆ, ಲಾಸ್ ಏಂಜಲಿಸಿನ ದೀಪಗಳು ಆರಿದ್ದ ಇರುಳುಗಳಲ್ಲಿ ದೇವಯಾನಿಯ ಒಡಲಿನ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಂಡರು. ನಕ್ಷತ್ರಗಳಲ್ಲಿ ಹಳೆಯ ಮತ್ತು ಹೊಸ ಪೀಳಿಗೆಗಳೆಂಬ ಎರಡು ಬಗೆಗಳಿದ್ದು, ಸೆಫೀಡ್‌ಗಳೂ ಎರಡು ಬಗೆಯವೆಂದು ಇದರಿಂದ ಮುಂದೆ ತಿಳಿದುಬಂತು. ಎರಡನ್ನೂ ಒಂದೇ ಕೋಲಿನಿಂದ ಅಳೆದದ್ದೇ ತಪ್ಪಾಗಿತ್ತು. 1952ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಬಾಡೆ ಇದನ್ನು ಪ್ರಕಟಿಸಿದಾಗ ಗ್ಯಾಲಕ್ಸಿಗಳ ದೂರವೆಲ್ಲ ಸುಮಾರು ಇಮ್ಮಡಿಯಾಯಿತು. ದೇವಯಾನಿಯ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಇಂದು ತಿಳಿದಿದೆ.

ದೂರ ತಪ್ಪಿದರೆ ಉಳಿದ ಲೆಕ್ಕವೂ ತಪ್ಪುತ್ತದೆ. ಎರಡು ಪಟ್ಟು ದೂರದ ದೀಪ ಅಷ್ಟೇ ಕಾಂತಿಯಿಂದ ಕಾಣಬೇಕಾದರೆ ಅದು ನಾಲ್ಕು ಪಟ್ಟು ಬೆಳಕು ಬೀರುತ್ತಿರಬೇಕು. ಸಪ್ತರ್ಷಿಮಂಡಲದ ದಿಕ್ಕಿನಲ್ಲಿರುವ ಎಂ 82 ಎಂಬ ಗ್ಯಾಲಕ್ಸಿಯ ವಿಚಾರದಲ್ಲಿ ಇದು ಬಹಳ ಮುಖ್ಯ. ಅದರ ನಡುವಿನಿಂದ ಅನಿಲದ ಎಳೆಗಳು ಮಹಾವೇಗದಿಂದ ಹೊರಚಿಮ್ಮುತ್ತಿರುವುದನ್ನು ಕಂಡ ಲಿಂಡ್ಸ್ ಮತ್ತು ಸ್ಯಾಂಡೇಜ್ ಅಲ್ಲಿ ಮಹಾಸ್ಫೋಟವೊಂದು ನಡೆದಿದೆಯೆಂದು 1963ರಲ್ಲಿ ಬರೆದರು. ಅವಕೆಂಪು ಕಿರಣಗಳ ವೀಕ್ಷಣೆ ಬಲಿತಂತೆ ಬೇರೊಂದು ಅರ್ಥ ಮೂಡಿತು. ನೆರೆಯ ಎಂ 81 ಹತ್ತಿರ ಹಾದುಹೋದಾಗ ಅದರ ಸೆಳೆತಕ್ಕೆ ಅನಿಲರಾಶಿ ಕದಡಿ ನಡುವಿಗೆ ಜಾರಿದೆ. ಅಲ್ಲಿ ಧೂಳಿನ ಮರೆಯಲ್ಲಿ ನಕ್ಷತ್ರಗಳು ನಮ್ಮ ಆಕಾಶಗಂಗೆಯಲ್ಲಿಗಿಂತ ಸುಮಾರು ಹತ್ತು ಪಟ್ಟು ವೇಗದಿಂದ ಜನಿಸುತ್ತಿವೆ. ಅವುಗಳಲ್ಲಿ ಭಾರವಾದವು ಬೇಗನೆ ಸಿಡಿದು ಅನಿಲವನ್ನು ಹೊರಗಟ್ಟುತ್ತಿವೆ.

ಈ ವೇಗದ ಲೆಕ್ಕಕ್ಕೆ ದೂರ ತಿಳಿದಿರಲೇಬೇಕು. 1994ರಲ್ಲಿ ವೆಂಡಿ ಫ್ರೀಡ್‌ಮನ್ ಮತ್ತು ಸಂಗಡಿಗರು ಹಬಲ್ ವ್ಯೋಮದರ್ಶಕದ ನೆರವಿನಿಂದ ಎಂ 81ರ ಸೆಫೀಡ್‌ಗಳನ್ನು ಅಳೆದು, ಅದು ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆಯೆಂದು ಪ್ರಕಟಿಸಿದರು. ಜೊತೆಗಾರ ಎಂ 82ಕ್ಕೂ ಹೆಚ್ಚುಕಡಮೆ ಅದೇ ದೂರ. ಮಿಡಿತ ಮತ್ತು ಕಾಂತಿಗಳ ಆ ಸಂಬಂಧವನ್ನು ಫ್ರೀಡ್‌ಮನ್ ಮೊದಲಾದವರು ಈಚಿನ ಲೇಖನಗಳಲ್ಲಿ ಲೀವಿಟ್ ನಿಯಮವೆಂದೇ ಕರೆಯುತ್ತಾರೆ.